ಇದು ಇಲ್ಲಿಗೆ ಹೇಗೆ ಬಂತು?

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಹನ್ನೊಂದು ಹಲಗೆಗಳಿವೆ. ಅವನ್ನು ಯಾರೂ ನೋಡುವ ಹಾಗಿಲ್ಲ. ಪ್ರವಾಸಿಗರ ಮಾತು ಬಿಡಿ, ಸಂಶೋಧಕರಿಗೂ ಅವಕಾಶವಿಲ್ಲ. ಅಲ್ಲಿನ ಕ್ಯುರೇಟರ್‌ಗಳೂ ಹೊದಿಕೆ ಸರಿಸಿ ನೋಡುವುದಿಲ್ಲ. ಪ್ರದರ್ಶನ ಇಲ್ಲ, ಫೋಟೊ ಇಲ್ಲ. ಇಥಿಯೋಪಿಯಾದ ಆರ್ಥೊಡಾಕ್ಸ್ ಚರ್ಚಿನ ಪಾದ್ರಿಗಳು ಬಂದರೆ ಅವರಿಗೆ ಮಾತ್ರ ಆ ಕೋಣೆಯ ಬಾಗಿಲು ತೆರೆಯುತ್ತಾರೆ.

ಇವಕ್ಕೆ ತಾಬೊತ್ ಅಂತ ಹೆಸರು. ಮರದ ಅಥವಾ ಕಲ್ಲಿನ ಹಲಗೆ, ಅಷ್ಟೇ. ಆದರೆ ಮೋಶೆಗೆ ದೇವರು ಕೊಟ್ಟ ಹತ್ತು ಆಜ್ಞೆಗಳ ಹಲಗೆಯ ಪ್ರತಿರೂಪ ಅದು. ಅದಿಲ್ಲದಿದ್ದರೆ ಇಥಿಯೋಪಿಯಾದಲ್ಲಿ ಚರ್ಚು ಚರ್ಚೇ ಅಲ್ಲ, ಬರೀ ಕಟ್ಟಡ. ಹಬ್ಬದ ದಿನ ಪಾದ್ರಿ ಅದನ್ನು ಬಟ್ಟೆಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ಮೆರವಣಿಗೆ ಹೋಗುತ್ತಾರೆ. ಸುತ್ತಿದ ಬಟ್ಟೆ ಜನಕ್ಕೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ.

ಮ್ಯೂಸಿಯಂ ಇರುವುದು ಜನ ನೋಡಲಿ ಅಂತ, ಅಲ್ವಾ? ಹಾಗಾದರೆ ಯಾರೂ ನೋಡಬಾರದ ವಸ್ತುವನ್ನು ಒಂದು ಮ್ಯೂಸಿಯಂ ಯಾಕೆ ಇಟ್ಟುಕೊಂಡಿದೆ? ನಾನು ಈ ವಿಷಯಕ್ಕೆ ಬಂದಿದ್ದೇ ಈ ಪ್ರಶ್ನೆಯಿಂದ.

ಅವು ಅಲ್ಲಿಗೆ ಬಂದ ದಾರಿ ಹೇಳುತ್ತೇನೆ. 1868ರ ಏಪ್ರಿಲ್. ಇಥಿಯೋಪಿಯಾದ ಚಕ್ರವರ್ತಿ ಟೆವೊಡ್ರೋಸ್‌ನ ಮಕ್ದಾಲಾ ಕೋಟೆ ಬ್ರಿಟಿಷ್ ಸೇನೆಯ ಕೈಗೆ ಬಿತ್ತು. ಆತ ತಾನೇ ಗುಂಡು ಹಾರಿಸಿಕೊಂಡು ಸತ್ತ. ಆಮೇಲೆ ಕೋಟೆಯನ್ನೂ ಅಲ್ಲಿನ ಚರ್ಚನ್ನೂ ಲೂಟಿ ಮಾಡಿದರು. ಲೂಟಿಯ ಮಾಲು ಹೊರಲು ಹದಿನೈದು ಆನೆ, ಸುಮಾರು ಇನ್ನೂರು ಹೇಸರಗತ್ತೆ ಬೇಕಾದವು. ಹತ್ತಿರದ ಬಯಲಲ್ಲಿ ಎರಡು ದಿನ ಹರಾಜು ನಡೆಯಿತು. ಆ ಹರಾಜಿನಲ್ಲಿ ಕೂಗಿದವರಲ್ಲಿ ಒಬ್ಬ ರಿಚರ್ಡ್ ಹೋಮ್ಸ್. ಬ್ರಿಟಿಷ್ ಮ್ಯೂಸಿಯಂನ ನೌಕರ. ಸೇನೆಯ ಜೊತೆಗೇ ಬಂದಿದ್ದ. ಅಂದರೆ ಲೂಟಿಯ ಮಾಲು ಕೈಯಿಂದ ಕೈಗೆ ದಾಟಿ, ವರ್ಷಗಟ್ಟಲೆ ಸುತ್ತಾಡಿ, ಏನೂ ಅರಿಯದ ಮ್ಯೂಸಿಯಂಗೆ ಬಂದು ಸೇರಿದ್ದಲ್ಲ. ಮ್ಯೂಸಿಯಂನವರೇ ಅಲ್ಲಿ ನಿಂತು ಕಾಯುತ್ತಿದ್ದರು.

ಇದಕ್ಕೇ ಸೇರಿದ ಇನ್ನೊಂದು ಕತೆ ಇದೆ. ಅದೇ ಲೂಟಿಯ ಒಂದು ತಾಬೊತ್ ಎಡಿನ್‌ಬರೋದ ಸೇಂಟ್ ಜಾನ್ಸ್ ಚರ್ಚಿನ ಕಪಾಟಿನಲ್ಲಿ ಬಿದ್ದಿತ್ತು. 2001ರಲ್ಲಿ ಅಲ್ಲಿನ ಪಾದ್ರಿಯೊಬ್ಬರು ಕಪಾಟು ನೋಡುವಾಗ ಕಣ್ಣಿಗೆ ಬಿತ್ತು. ಅದೇನೆಂದು ಅವರಿಗೆ ಗೊತ್ತಾಯಿತು. ಚರ್ಚಿನವರು ಕಮಿಟಿ ಮೇಲೆ ಕಮಿಟಿ ಮಾಡುತ್ತಾ ಕೂರಲಿಲ್ಲ. ಮರುವರ್ಷವೇ ವಾಪಸ್ ಕೊಟ್ಟರು. ಆಡಿಸ್ ಅಬಾಬಾದಲ್ಲಿ ಅದನ್ನು ಬರಮಾಡಿಕೊಳ್ಳಲು ಸಾವಿರಾರು ಜನ ಬೀದಿಗೆ ಬಂದರು. ಒಂದು ಕಡೆ ಕಪಾಟಿನ ಮೂಲೆ, ಇನ್ನೊಂದು ಕಡೆ ಬೀದಿ ತುಂಬ ಜನ. ವಸ್ತು ಒಂದೇ.

'ಮ್ಯೂಸಿಯಂಗಳು ವಸ್ತುಗಳನ್ನು ವಾಪಸ್ ಕೊಡಬೇಕೋ ಬೇಡವೋ' ಅಂತ ಚರ್ಚಾಸ್ಪರ್ಧೆಯಲ್ಲಿ ವಿಷಯ ಕೊಡುತ್ತಾರಲ್ಲ, ನನ್ನ ಪ್ರಕಾರ ಆ ಪ್ರಶ್ನೆಯೇ ಸರಿಯಿಲ್ಲ. ಅದು ಎಲ್ಲವನ್ನೂ ಒಂದೇ ಗಂಟು ಕಟ್ಟುತ್ತದೆ. ಎಲ್ಲ ಕೊಡಿ ಅಂತ ಒಬ್ಬರು, ಏನೂ ಕೊಡಬೇಡಿ ಅಂತ ಇನ್ನೊಬ್ಬರು. ಕೊನೆಗೆ ಚಪ್ಪಾಳೆ. ಒಂದೊಂದು ವಸ್ತುವಿನ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ ಬೇರೆ: ಇದು ಇಲ್ಲಿಗೆ ಹೇಗೆ ಬಂತು?

ಮ್ಯೂಸಿಯಂನ ಲೇಬಲ್ ನೆನಪು ಮಾಡಿಕೊಳ್ಳಿ. ಏನು, ಯಾವುದರಿಂದ ಮಾಡಿದ್ದು, ಯಾವ ಕಾಲದ್ದು, ಯಾವ ಜಾಗದ್ದು. ಇಷ್ಟು ಇರುತ್ತದೆ. ಆ ಜಾಗದಿಂದ ಈ ಗಾಜಿನ ಪೆಟ್ಟಿಗೆಗೆ ನಡುವೆ ಏನಾಯಿತು ಅನ್ನುವ ಸಾಲು ಬಹುಮಟ್ಟಿಗೆ ಇರುವುದಿಲ್ಲ. ಇದ್ದರೂ 'ಇಂಥ ವರ್ಷ ಸೇರ್ಪಡೆ' ಅಂತ ಸಣ್ಣ ಅಕ್ಷರದಲ್ಲಿ ಒಂದು ಮಾತು.

ಒಂದು ಕಡೆ ಮಾತ್ರ ಆ ಸಾಲು ವಸ್ತುವಿನ ಮೈಮೇಲೇ ಇದೆ. ರೊಸೆಟ್ಟಾ ಕಲ್ಲು. ಕ್ರಿಸ್ತಪೂರ್ವ 196ರ ರಾಜಾಜ್ಞೆ, ಒಂದೇ ಮಾತು ಮೂರು ಲಿಪಿಯಲ್ಲಿ. ಅದನ್ನು ಇಟ್ಟುಕೊಂಡೇ ಫ್ರೆಂಚ್ ವಿದ್ವಾಂಸ ಶಾಂಪೋಲಿಯೋಂ 1822ರಲ್ಲಿ ಈಜಿಪ್ಟಿನ ಚಿತ್ರಲಿಪಿಯ ಗುಟ್ಟು ಬಿಡಿಸಿದ. ಇದೆಲ್ಲ ನಿಮಗೆ ಗೊತ್ತಿರುತ್ತದೆ. ಆದರೆ ಕಲ್ಲಿನ ಎದುರು ನಿಂತು ಮುಂಭಾಗ ನೋಡಿ ಬಂದುಬಿಡುತ್ತೇವೆ. ಬದಿಗೆ ಹೋಗಿ ನೋಡಿದರೆ ಬಿಳಿ ಬಣ್ಣದಲ್ಲಿ ಬರೆದಿದೆ: 1801ರಲ್ಲಿ ಬ್ರಿಟಿಷ್ ಸೇನೆ ಈಜಿಪ್ಟಿನಲ್ಲಿ ವಶಪಡಿಸಿಕೊಂಡದ್ದು. ಇನ್ನೊಂದು ಬದಿಯಲ್ಲಿ, ದೊರೆ ಮೂರನೇ ಜಾರ್ಜ್ ಕೊಟ್ಟದ್ದು. ಫ್ರೆಂಚ್ ಸೈನಿಕರಿಗೆ ಸಿಕ್ಕ ಕಲ್ಲನ್ನು ಯುದ್ಧ ಗೆದ್ದ ಬ್ರಿಟಿಷರು ಕಿತ್ತುಕೊಂಡರು. ಆಮೇಲೆ ಅವರ ದೊರೆ ಅದನ್ನು 'ಕಾಣಿಕೆ' ಕೊಟ್ಟ. ನಾಚಿಕೆ ಇಲ್ಲದ ಕಾಲ ಅದು, ಅದಕ್ಕೇ ಪ್ರಾಮಾಣಿಕವಾಗಿ ಬರೆದಿಟ್ಟರು. ನಾಚಿಕೆ ಬಂದ ಮೇಲೆ ಲೇಬಲ್‌ಗಳು ಸುಮ್ಮನಾದವು.

ಎಲ್ಲ ದಾರಿಯೂ ಲೂಟಿಯ ದಾರಿಯಲ್ಲ, ಇದನ್ನೂ ಹೇಳಲೇಬೇಕು. ಚೀನಾದ ಕುಶಲಕರ್ಮಿಗಳು ಯುರೋಪಿನ ಗಿರಾಕಿಗಳಿಗೆಂದೇ, ಅವರ ಮನೆತನದ ಲಾಂಛನ ಬರೆದು, ಪಿಂಗಾಣಿ ಮಾಡಿ ಮಾರುತ್ತಿದ್ದರು. ಅದು ವ್ಯಾಪಾರ. ಅದನ್ನು ಚೀನಾಕ್ಕೆ ವಾಪಸ್ ಕೊಡಿ ಅನ್ನುವುದರಲ್ಲಿ ಅರ್ಥವಿಲ್ಲ. ಇನ್ನು ಕೆಲವು ನಡುವಿನವು. ನೆಫರ್‌ಟೀಟಿ ರಾಣಿಯ ಬಸ್ಟ್, ಅಂದರೆ ಎದೆಮಟ್ಟದ ಮೂರ್ತಿ, 1912ರಲ್ಲಿ ಜರ್ಮನ್ ಉತ್ಖನನದಲ್ಲಿ ಸಿಕ್ಕಿತು. ಸಿಕ್ಕಿದ್ದನ್ನು ಅಗೆದವರೂ ಈಜಿಪ್ಟೂ ಹಂಚಿಕೊಳ್ಳುವ ಪದ್ಧತಿ ಆಗ ಇತ್ತು. ಪದ್ಧತಿ ಇತ್ತು ಸರಿ. ಆದರೆ ಹಂಚಿಕೆಗೆ ಈಜಿಪ್ಟಿನ ಕಡೆಯಿಂದ ಕೂತ ಅಧಿಕಾರಿ ಫ್ರೆಂಚ್‌ನವನು, ದೇಶ ಬ್ರಿಟಿಷರ ಹಿಡಿತದಲ್ಲಿತ್ತು. ಈಜಿಪ್ಟಿನವರು ಆ ಮೇಜಿನಲ್ಲಿ ಎಲ್ಲಿದ್ದರು?

ಕೊಹಿನೂರ್ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ ಅಂತ ಗೊತ್ತು. ಅದು ಮ್ಯೂಸಿಯಂನಲ್ಲಿಲ್ಲ, ರಾಜಮನೆತನದ ಕಿರೀಟದಲ್ಲಿದೆ. ಆದರೂ ದಾರಿ ಹೇಳುತ್ತೇನೆ: 1849ರ ಲಾಹೋರ್ ಒಪ್ಪಂದ. ಅದಕ್ಕೆ ಒಪ್ಪಿಗೆ ಕೊಟ್ಟ ಮಹಾರಾಜ ದುಲೀಪ್ ಸಿಂಗ್‌ಗೆ ಆಗ ಹತ್ತು ವರ್ಷ. ಹತ್ತು ವರ್ಷದ ಹುಡುಗನ ಸಹಿಯನ್ನು ಇವತ್ತು ಯಾವ ಬ್ಯಾಂಕೂ ಒಪ್ಪುವುದಿಲ್ಲ. ಹಾಗಂತ 2016ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ, ಅದನ್ನು ಕದ್ದದ್ದೂ ಅಲ್ಲ, ಬಲವಂತವಾಗಿ ಕಿತ್ತದ್ದೂ ಅಲ್ಲ ಅಂತ ಹೇಳಿದ್ದು ಭಾರತ ಸರ್ಕಾರದ ವಕೀಲರೇ. ಪಾಕಿಸ್ತಾನ, ಇರಾನ್, ಅಫ್ಘಾನಿಸ್ತಾನದವರೂ ಅದು ತಮ್ಮದು ಅಂದಿದ್ದಾರೆ. ಅದನ್ನು ಇಲ್ಲಿಗೇ ಬಿಡೋಣ. ಅದರ ಹೊಳಪಿಗೆ ಉಳಿದದ್ದೆಲ್ಲ ಕಾಣದೆ ಹೋಗುತ್ತದೆ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಬೆನಿನ್ ಫಲಕಗಳ ಮುಂದೆ. ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಬೆನಿನ್ ಅಂತ ಈಗ ಒಂದು ದೇಶ ಇದೆ. ನಾನು ಹೇಳುತ್ತಿರುವುದು ಆ ದೇಶವಲ್ಲ. ಈಗಿನ ನೈಜೀರಿಯಾದೊಳಗಿದ್ದ ಬೆನಿನ್ ರಾಜ್ಯ. ಅಲ್ಲಿನ ದೊರೆಗೆ ಓಬಾ ಅನ್ನುತ್ತಾರೆ. ಪೇಪರ್‌ನವರೂ ಇದನ್ನು ಆಗಾಗ ಕಲಸಿಬಿಡುತ್ತಾರೆ.

ಒಂದು ಫಲಕವನ್ನು ಹತ್ತಿರದಿಂದ ನೋಡಿ. ಸುಮಾರು ಒಂದೂವರೆ ಅಡಿ ಎತ್ತರ. ಎಲ್ಲರೂ 'ಬೆನಿನ್ ಕಂಚು' ಅಂತ ಕರೆದರೂ ಹೆಚ್ಚಿನವು ಹಿತ್ತಾಳೆ. ಮೇಣದಲ್ಲಿ ರೂಪ ಮಾಡಿ, ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ ಹರಿಸಿ, ಆ ಜಾಗಕ್ಕೆ ಲೋಹ ಹೊಯ್ದದ್ದು. ಹಿನ್ನೆಲೆಯಲ್ಲಿ ನಾಲ್ಕು ಎಸಳಿನ ಎಲೆಗಳ ಸಣ್ಣ ಚಿತ್ತಾರ. ಮುಂದೆ ಯೋಧರು, ದೊರೆ, ಆಸ್ಥಾನದವರು. ಕೆಲವದರಲ್ಲಿ ಗಡ್ಡ ಬಿಟ್ಟ, ಉದ್ದ ಮೂಗಿನ ಪೋರ್ಚುಗೀಸ್ ವ್ಯಾಪಾರಿ. ಅವನ ಪಕ್ಕದಲ್ಲಿ ಕುದುರೆ ಲಾಳದ ಹಾಗೆ ಬಾಗಿದ ಕಡಗಗಳು. ಇನ್ನು ಫಲಕದ ಅಂಚು ನೋಡಿ. ಮೊಳೆ ಹೊಡೆದ ತೂತುಗಳಿವೆ. ಅರಮನೆಯ ಕಂಬಗಳಿಗೆ ಇವನ್ನು ಬಡಿದಿದ್ದರು. ಒಂದರ ಪಕ್ಕ ಒಂದು, ಸಾಲಾಗಿ. ಅದು ಗೋಡೆಯ ಅಲಂಕಾರ ಅಷ್ಟೇ ಅಲ್ಲ, ಆ ಆಸ್ಥಾನದ ನೆನಪಿನ ಪುಸ್ತಕ. ಈಗ ಅದರ ಹಾಳೆಗಳು ಲಂಡನ್ನಿನಲ್ಲಿ ಒಂದಿಷ್ಟು, ಬರ್ಲಿನ್ನಿನಲ್ಲಿ ಒಂದಿಷ್ಟು, ನ್ಯೂಯಾರ್ಕಿನಲ್ಲಿ ಒಂದಿಷ್ಟು. ಲಂಡನ್ನಿನಲ್ಲಿ ಕಬ್ಬಿಣದ ಸಲಾಕೆಗಳಿಗೆ ಸಿಕ್ಕಿಸಿ ನಿಲ್ಲಿಸಿದ್ದಾರೆ.

ಆ ಕಡಗಗಳ ವಿಷಯಕ್ಕೆ ಬರುತ್ತೇನೆ. ಅವಕ್ಕೆ ಮನಿಲ್ಲಾ ಅಂತ ಹೆಸರು. ಪೋರ್ಚುಗೀಸರು ಅವನ್ನೇ ಹಣದ ಹಾಗೆ ಕೊಟ್ಟು ಮೆಣಸು, ದಂತ, ಮನುಷ್ಯರನ್ನೂ ಕೊಳ್ಳುತ್ತಿದ್ದರು. ಬೆನಿನ್‌ನ ಎರಕದವರು ಅವನ್ನು ಕರಗಿಸಿ ಫಲಕ ಮಾಡಿದರು. ಆ ಹಿತ್ತಾಳೆ ಎಲ್ಲಿಂದ ಬಂದಿತ್ತು ಅಂತ ಹಿಂದೆ ಊಹೆ ಮಾತ್ರ ಇತ್ತು. ಮುಳುಗಿದ ಹಡಗುಗಳಲ್ಲಿ ಸಿಕ್ಕ ಮನಿಲ್ಲಾಗಳ ಲೋಹ ಪರೀಕ್ಷೆ ಮಾಡಿ 2023ರಲ್ಲಿ ವಿಜ್ಞಾನಿಗಳು ಹೇಳಿದರು: ಜರ್ಮನಿಯ ರೈನ್‌ಲ್ಯಾಂಡ್‌ನಿಂದ. ಯೋಚನೆ ಮಾಡಿ. ಜರ್ಮನಿಯ ಗಣಿಯಿಂದ ಹೊರಟ ಲೋಹ, ಪೋರ್ಚುಗೀಸ್ ಹಡಗು ಹತ್ತಿ ಆಫ್ರಿಕಾಕ್ಕೆ ಹೋಗಿ, ಕಲೆಯಾಗಿ, ಲೂಟಿಯಾಗಿ, ಹರಾಜಾಗಿ, ಮತ್ತೆ ಜರ್ಮನಿಯ ಮ್ಯೂಸಿಯಂ ಸೇರಿ, 2022ರಲ್ಲಿ ಜರ್ಮನಿಯ ವಿದೇಶಾಂಗ ಸಚಿವೆಯ ಜೊತೆ ವಿಮಾನದಲ್ಲಿ ನೈಜೀರಿಯಾಕ್ಕೆ ವಾಪಸ್ ಹೋಯಿತು. ಹಾಗಾದರೆ ಅದರ 'ಮೂಲ ದೇಶ' ಯಾವುದು? ಲೋಹದ ಮೂಲ ಬೇರೆ, ಕೆಲಸದ ಮೂಲ ಬೇರೆ. ಇಲ್ಲಿ ಲೆಕ್ಕಕ್ಕೆ ಬರುವುದು ಕೆಲಸ.

ಇದಕ್ಕೆ ಇನ್ನೊಂದು ಮುಖ ಇದೆ, ಮುಚ್ಚಿಡಬಾರದು. ಆ ಕಡಗ ಕೊಟ್ಟು ಕೊಂಡ ಗುಲಾಮರ ಮರಿಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಅವರಲ್ಲಿ ಕೆಲವರು ಕೇಳುತ್ತಾರೆ: ನಮ್ಮ ಅಜ್ಜ-ಅಜ್ಜಿಯರನ್ನು ಮಾರಿದ ದುಡ್ಡಿನಿಂದ ಮಾಡಿದ್ದು ಇದು. ಮಾರಿದವರ ವಂಶಕ್ಕೇ ಕೊಡುತ್ತೀರಲ್ಲ, ನಮಗೆ ಏನೂ ಪಾಲಿಲ್ವಾ? ಈ ಪ್ರಶ್ನೆಗೆ ನನ್ನ ಹತ್ತಿರ ಥಟ್ಟನೆ ಕೊಡುವ ಉತ್ತರ ಇಲ್ಲ. ಆದರೆ ಇದಕ್ಕೆ ಉತ್ತರ ಸಿಗುವ ತನಕ ಲಂಡನ್ನಿನಲ್ಲೇ ಇರಲಿ ಅಂದರೆ ಮಾತ್ರ ನಾನು ಒಪ್ಪುವುದಿಲ್ಲ.

1897ರಲ್ಲಿ ಏನಾಯಿತೆಂದರೆ, ಬೇಡ ಅಂದರೂ ಕೇಳದೆ ಬೆನಿನ್‌ಗೆ ಹೊರಟ ಬ್ರಿಟಿಷ್ ಅಧಿಕಾರಿಯ ತಂಡದ ಮೇಲೆ ದಾರಿಯಲ್ಲಿ ದಾಳಿಯಾಗಿ ಹೆಚ್ಚಿನವರು ಸತ್ತರು. ಕೆಲವೇ ವಾರದಲ್ಲಿ ಸೇನೆ ಬಂತು. ಅರಮನೆ ಸುಟ್ಟಿತು. ಓಬಾ ಓವೊನ್ರಾಮ್ವೆನ್‌ನನ್ನು ಕಲಬಾರ್‌ಗೆ ಗಡೀಪಾರು ಮಾಡಿದರು, ಅಲ್ಲೇ 1914ರಲ್ಲಿ ತೀರಿಕೊಂಡ. ಸಾವಿರಾರು ವಸ್ತುಗಳು ಹಡಗು ಹತ್ತಿದವು. ದಂಡಯಾತ್ರೆಯ ಖರ್ಚು ತೆಗೆಯಲು ಮಾರಾಟ ಮಾಡಿದರು. ಅದೇ ವರ್ಷ ಬ್ರಿಟಿಷ್ ಮ್ಯೂಸಿಯಂನಲ್ಲಿ ಪ್ರದರ್ಶನವೂ ಆಯಿತು. ಈಗಲೂ ಅಲ್ಲಿ 900ಕ್ಕೂ ಹೆಚ್ಚು ಇವೆ.

ನನಗೆ ಸಿಟ್ಟು ಬರುವುದು 1897ರ ಮೇಲಲ್ಲ. ಆ ಕಾಲದಲ್ಲಿ ಸೈನ್ಯಗಳು ಹಾಗೇ ಮಾಡುತ್ತಿದ್ದವು. ಸಿಟ್ಟು ಬರುವುದು ಆಮೇಲಿನದರ ಮೇಲೆ. 1950ರಿಂದ 1970ರ ದಶಕದ ಮೊದಲ ವರ್ಷಗಳವರೆಗೆ ಅದೇ ಮ್ಯೂಸಿಯಂ ಸುಮಾರು ಮೂವತ್ತು ಬೆನಿನ್ ಫಲಕಗಳನ್ನು ಕೈಬಿಟ್ಟಿತು. ಒಂದೇ ಥರದವು ಎರಡೆರಡಿವೆ ಅನ್ನುವ ನೆಪ. ಅದರಲ್ಲಿ ಕೆಲವನ್ನು ಮಾರಿದ್ದು ಯಾರಿಗೆ ಗೊತ್ತಾ? ನೈಜೀರಿಯಾಕ್ಕೆ. ಲೂಟಿಯಾದವನಿಗೇ ಲೂಟಿಯ ಮಾಲು, ದುಡ್ಡಿಗೆ! ಆಮೇಲೆ 1977ರಲ್ಲಿ ಲಾಗೋಸ್‌ನಲ್ಲಿ ಆಫ್ರಿಕನ್ ಕಲೆಯ ದೊಡ್ಡ ಉತ್ಸವ. ಬೆನಿನ್‌ನ ರಾಜಮಾತೆ ಈದಿಯಾಳ ದಂತದ ಮುಖವಾಡವೇ ಅದರ ಲಾಂಛನ. ಉತ್ಸವಕ್ಕೆ ಮೂಲ ಮುಖವಾಡವನ್ನು ಎರವಲು ಕೊಡಿ ಅಂತ ನೈಜೀರಿಯಾ ಕೇಳಿತು. ಬ್ರಿಟಿಷ್ ಮ್ಯೂಸಿಯಂ ಕೊಡಲಿಲ್ಲ.

ಹಾಗಂತ ಈ ಕತೆಯಲ್ಲಿ ಒಂದು ಕಡೆಯವರೆಲ್ಲ ಸಾಧುಗಳಲ್ಲ. 1973ರಲ್ಲಿ ನೈಜೀರಿಯಾದ ಮುಖ್ಯಸ್ಥ ಜನರಲ್ ಗೋವನ್ ಲಂಡನ್ನಿಗೆ ಹೊರಟರು. ರಾಣಿಗೆ ಉಡುಗೊರೆ ಬೇಕಲ್ಲ. ಲಾಗೋಸ್‌ನ ರಾಷ್ಟ್ರೀಯ ಮ್ಯೂಸಿಯಂನಿಂದಲೇ ಬೆನಿನ್‌ನ ಒಂದು ಹಳೇ ತಲೆಯ ಪ್ರತಿಮೆ ತೆಗೆಸಿಕೊಂಡು ಹೋಗಿ ಕೊಟ್ಟುಬಿಟ್ಟರು. ಎಷ್ಟೋ ವರ್ಷ ಅದು ನಕಲು ಅಂತಲೇ ಎಲ್ಲರೂ ತಿಳಿದಿದ್ದರು. ಅಸಲಿ ಅಂತ ಗೊತ್ತಾಗಿದ್ದು 2002ರಲ್ಲಿ.

ಇಲ್ಲಿ 'ಅವರಿಗೆ ಕಾಪಾಡಿಕೊಳ್ಳಲು ಬರುವುದಿಲ್ಲ' ಅನ್ನುವ ವಾದ ಎದ್ದು ನಿಲ್ಲುತ್ತದೆ. ಇದನ್ನು ಸುಮ್ನೆ ತಳ್ಳಿಹಾಕಬಾರದು. 2003ರಲ್ಲಿ ಬಾಗ್ದಾದ್ ಮ್ಯೂಸಿಯಂ ಲೂಟಿಯಾಯಿತು. 2018ರ ಸೆಪ್ಟೆಂಬರ್‌ನಲ್ಲಿ ರಿಯೋದ ರಾಷ್ಟ್ರೀಯ ಮ್ಯೂಸಿಯಂ ಒಂದೇ ರಾತ್ರಿಯಲ್ಲಿ ಸುಟ್ಟುಹೋಯಿತು. ನಿಜ. ಆದರೆ ಸುರಕ್ಷಿತ ಜಾಗ ಅಂತ ಯಾವುದನ್ನು ಕರೆಯೋಣ? ಮಧ್ಯ ಏಷ್ಯಾದ, ಈಗ ಚೀನಾದೊಳಗಿರುವ ತುರ್ಫಾನ್ ಹತ್ತಿರ ಬೆಜೆಕ್ಲಿಕ್ ಅಂತ ಗುಹೆಗಳಿವೆ. ಬೌದ್ಧ ಭಿತ್ತಿಚಿತ್ರಗಳ ಗುಹೆ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಜರ್ಮನಿಯ ಪುರಾತತ್ವಜ್ಞ ಲೆ ಕೊಕ್ ಅಲ್ಲಿಗೆ ಹೋದ. ಚೂಪಾದ ಚಾಕುವಿನಿಂದ ಚಿತ್ರದ ಸುತ್ತ ಕೊರೆದು, ಹಿಂದೆ ಗರಗಸ ಆಡಿಸಿ, ಗೋಡೆಯಿಂದ ಚಿತ್ರಗಳನ್ನು ಬಿಡಿಸಿ, ಪೆಟ್ಟಿಗೆ ತುಂಬಿ ಬರ್ಲಿನ್ನಿಗೆ ಕಳಿಸಿದ. ಬಿಟ್ಟರೆ ಹಾಳಾಗುತ್ತವೆ ಅನ್ನುವುದೇ ಕಾರಣ. ಬರ್ಲಿನ್ನಿನಲ್ಲಿ ದೊಡ್ಡ ದೊಡ್ಡ ಚಿತ್ರಗಳನ್ನು ಗೋಡೆಗೆ ಸಿಮೆಂಟು ಹಾಕಿ ಕೂರಿಸಿದರು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬೀಳತೊಡಗಿದಾಗ ಬಿಡಿಸಿ ಸಾಗಿಸಲು ಆಗಲಿಲ್ಲ. ಎಲ್ಲ ಪುಡಿಪುಡಿ. ಸಾವಿರ ವರ್ಷ ಮರುಭೂಮಿಯಲ್ಲಿ ಉಳಿದದ್ದು ಯುರೋಪಿನ ರಾಜಧಾನಿಯಲ್ಲಿ ನಲವತ್ತು ವರ್ಷ ಉಳಿಯಲಿಲ್ಲ.

ಹಳೇ ಮಾತು ಬೇಡ ಅಂದರೆ 2023 ತಗೊಳ್ಳಿ. ತನ್ನ ಉಗ್ರಾಣದಿಂದ ಸುಮಾರು 2,000 ವಸ್ತುಗಳು ಕಳುವಾಗಿವೆ, ಕಾಣೆಯಾಗಿವೆ ಅಥವಾ ಹಾಳಾಗಿವೆ ಅಂತ ಬ್ರಿಟಿಷ್ ಮ್ಯೂಸಿಯಂ ಒಪ್ಪಿಕೊಂಡಿತು. ಡೆನ್ಮಾರ್ಕ್‌ನ ಒಬ್ಬ ವ್ಯಾಪಾರಿ, ನಿಮ್ಮ ವಸ್ತುಗಳು ಆನ್‌ಲೈನ್‌ನಲ್ಲಿ ಮಾರಾಟವಾಗುತ್ತಿವೆ ಅಂತ 2021ರಲ್ಲೇ ಎಚ್ಚರಿಸಿದ್ದ. ಕಿವಿಗೆ ಹಾಕಿಕೊಂಡಿರಲಿಲ್ಲ. ನಿರ್ದೇಶಕರು ರಾಜೀನಾಮೆ ಕೊಟ್ಟರು. ಕಳುವಾದ ಎಷ್ಟೋ ವಸ್ತುಗಳು ರಿಜಿಸ್ಟರ್‌ನಲ್ಲೇ ಸರಿಯಾಗಿ ಇರಲಿಲ್ಲ.

ಕಾಪಾಡುವುದು ಹೇಗೆ ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಬೇರೆ. ಸ್ವಿಟ್ಜರ್‌ಲೆಂಡ್‌ನ ಬೂಬೆನ್‌ಡಾರ್ಫ್. ಅಫ್ಘಾನಿಸ್ತಾನ ಹೊತ್ತಿ ಉರಿಯುತ್ತಿದ್ದಾಗ ಅಲ್ಲಿನ ವಸ್ತುಗಳನ್ನು ಇಟ್ಟುಕೊಳ್ಳಲು ಇಲ್ಲಿ ಒಂದು ಮ್ಯೂಸಿಯಂ ತೆರೆದರು. ಅದರ ಹೆಸರೇ 'ಗಡೀಪಾರಾದ ಅಫ್ಘಾನಿಸ್ತಾನ ಮ್ಯೂಸಿಯಂ'. ಇಟ್ಟುಕೊಳ್ಳುವಾಗಲೇ ಮಾತು: ಶಾಂತಿ ಬಂದ ಮೇಲೆ ವಾಪಸ್. 2007ರಲ್ಲಿ 1,400ಕ್ಕೂ ಹೆಚ್ಚು ವಸ್ತುಗಳನ್ನು ಕಾಬೂಲ್‌ಗೆ ಕಳಿಸಿ ಬಾಗಿಲು ಹಾಕಿದರು. ಕಾಪಾಡಿದೆ ಅನ್ನುವವನು ಹೀಗಿರಬೇಕು. ಕದ್ದ ಹಸುವನ್ನು ಕೇಳಲು ಹೋದವನಿಗೆ 'ಮೊದಲು ನಿನ್ನ ಕೊಟ್ಟಿಗೆ ತೋರಿಸು' ಅನ್ನುವುದು ಕಾಪಾಡುವುದಲ್ಲ.

ಎದುರು ಕಡೆಯ ಇನ್ನೊಂದು ವಾದಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಜಗತ್ತಿನ ಎಲ್ಲ ನಾಗರಿಕತೆಗಳು ಒಂದೇ ಸೂರಿನಡಿ ಇದ್ದರೆ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಬಹುದು, ಮನುಷ್ಯ ಎಲ್ಲ ಕಡೆ ಒಂದೇ ಅಂತ ಕಾಣುತ್ತದೆ ಅನ್ನುವ ವಾದ. 2002ರಲ್ಲಿ ಯುರೋಪ್, ಅಮೆರಿಕದ ದೊಡ್ಡ ಮ್ಯೂಸಿಯಂಗಳು ಸೇರಿ ಈ ಅರ್ಥದ ಹೇಳಿಕೆಯನ್ನೇ ಹೊರಡಿಸಿದವು. ಇದು ಸುಳ್ಳಲ್ಲ. ಅಂಥ ಜಾಗದಲ್ಲಿ ಒಂದು ಮಧ್ಯಾಹ್ನ ಓಡಾಡಿದರೆ ಮನಸ್ಸು ದೊಡ್ಡದಾಗುತ್ತದೆ. ಆದರೆ ಆ ಸೂರು ಯಾವಾಗಲೂ ಶ್ರೀಮಂತ ನಗರಗಳಲ್ಲೇ ಯಾಕೆ? ವೀಸಾ ಸಿಗದವನ ಪಾಲಿಗೆ ಅದು ಜಗತ್ತಿನ ಮ್ಯೂಸಿಯಂ ಅಲ್ಲ, ಇನ್ನೊಂದು ದೇಶದ ಮ್ಯೂಸಿಯಂ. ಇನ್ನೊಂದು ಲೆಕ್ಕ ನೋಡಿ. ಬ್ರಿಟಿಷ್ ಮ್ಯೂಸಿಯಂನಲ್ಲಿ ಸುಮಾರು 80 ಲಕ್ಷ ವಸ್ತುಗಳಿವೆ. ಪ್ರದರ್ಶನಕ್ಕಿರುವುದು 80 ಸಾವಿರ, ಅಂದರೆ ನೂರಕ್ಕೆ ಒಂದು. ಒಂದು ಕೊಟ್ಟರೆ ಎಲ್ಲ ಖಾಲಿಯಾಗುತ್ತದೆ ಅಂತ ಹೆದರಿಸುವವರಿಗೆ ಈ ಲೆಕ್ಕ ಸಾಕು.

ಕಾನೂನು ಬಿಡುವುದಿಲ್ಲ ಅಂತಾರೆ. 1963ರ ಬ್ರಿಟಿಷ್ ಮ್ಯೂಸಿಯಂ ಕಾಯ್ದೆಯ ಪ್ರಕಾರ ಕೆಲವೇ ಸಂದರ್ಭ ಬಿಟ್ಟು ಉಳಿದದ್ದನ್ನು ಕೈಬಿಡುವಂತಿಲ್ಲ. ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಶಿಲ್ಪಗಳನ್ನು ಗ್ರೀಸ್ ಕೇಳಿದಾಗಲೆಲ್ಲ ಇದೇ ಕಾಯ್ದೆ ತೋರಿಸುತ್ತಾರೆ. ಆದರೆ ನಾಜಿಗಳು ಯಹೂದಿಗಳಿಂದ ಕಿತ್ತುಕೊಂಡ ವಸ್ತುಗಳ ವಿಷಯ ಬಂದಾಗ 2009ರಲ್ಲಿ ಪಾರ್ಲಿಮೆಂಟ್ ಹೊಸ ಕಾಯ್ದೆ ಮಾಡಿ ದಾರಿ ಬಿಟ್ಟಿತು. ಮನುಷ್ಯರ ಅವಶೇಷಗಳಿಗೆ 2004ರಲ್ಲೇ ಬಿಟ್ಟಿತ್ತು. ಕಾಯ್ದೆ ಬೆಟ್ಟವಲ್ಲ, ಬಾಗಿಲು. ಬೇಕಾದವರಿಗೆ ತೆರೆದಿದ್ದಾರೆ. ಅಂತಾರಾಷ್ಟ್ರೀಯ ಮಟ್ಟದಲ್ಲಿ 1970ರ ಯುನೆಸ್ಕೊ ಒಡಂಬಡಿಕೆ ಇದೆ. ಕಳ್ಳಸಾಗಣೆ ತಡೆಯಲು ಒಳ್ಳೆಯದೇ. ಆದರೆ ಅದು ಹಿಂದಿನದಕ್ಕೆ ಅನ್ವಯಿಸುವುದಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತೇವಲ್ಲ, ಹಾಗೆ.

ಈಗ ನಡೆಯುತ್ತಿರುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉಪಾಯ. 1874ರಲ್ಲಿ ಬ್ರಿಟಿಷರು ಅಸಾಂಟೆ ರಾಜ್ಯದಿಂದ ಲೂಟಿ ಮಾಡಿದ ಚಿನ್ನದ ವಸ್ತುಗಳಿವೆ. 2024ರಲ್ಲಿ ಎರಡು ಲಂಡನ್ ಮ್ಯೂಸಿಯಂಗಳು 32 ವಸ್ತುಗಳನ್ನು ಘಾನಾದ ಕುಮಾಸಿಗೆ ಕಳಿಸಿದವು. ವಾಪಸ್ ಅಲ್ಲ, ಮೂರು ವರ್ಷದ ಎರವಲು! ನೂರೈವತ್ತು ವರ್ಷದ ಮೇಲೆ ಅಲ್ಲಿಯ ಜನ ತಮ್ಮ ದೊರೆಯ ಚಿನ್ನ ನೋಡಿ ಕಣ್ತುಂಬಿಕೊಂಡರು. ಅವರ ಸಂತೋಷ ಕಡಿಮೆ ಮಾಡುವುದು ನನಗೆ ಬೇಕಿಲ್ಲ. ಆದರೂ ಮನೆಯವರಿಗೇ ಮನೆಯ ಪಾತ್ರೆ ಎರವಲು ಕೊಟ್ಟು ರಸೀದಿ ಬರೆಸಿಕೊಂಡ ಹಾಗೆ ನನಗೆ ಕಂಡಿತು.

ಸರಿಯಾಗಿ ಮಾಡಿದವರೂ ಇದ್ದಾರೆ. 1890ರಲ್ಲಿ ಅಮೆರಿಕದ ವೂಂಡೆಡ್ ನೀ ಎಂಬಲ್ಲಿ ಮೂಲನಿವಾಸಿ ಲಕೋಟಾ ಜನರ ಹತ್ಯಾಕಾಂಡ ನಡೆಯಿತು. ಆಗ ಲಕೋಟಾಗಳು ತೊಡುತ್ತಿದ್ದ ಒಂದು ಥರದ ಅಂಗಿ, ಗುಂಡು ತಾಗದ ಹಾಗೆ ಕಾಯುತ್ತದೆ ಅಂತ ಅವರ ನಂಬಿಕೆ. ಅಂಥ ಒಂದು ಅಂಗಿ ಪ್ರದರ್ಶನ ತಂಡವೊಂದರ ಜೊತೆ ಸ್ಕಾಟ್ಲೆಂಡಿಗೆ ಹೋಗಿ ಗ್ಲಾಸ್ಗೋ ಮ್ಯೂಸಿಯಂ ಸೇರಿತ್ತು. ಲಕೋಟಾಗಳು ಕೇಳಿದರು. ಗ್ಲಾಸ್ಗೋದವರು ಮುಚ್ಚಿದ ಕೋಣೆಯಲ್ಲಿ ತೀರ್ಮಾನ ಮಾಡಲಿಲ್ಲ. ಬಹಿರಂಗ ವಿಚಾರಣೆ ಇಟ್ಟರು. ಕೇಳುತ್ತಿರುವವರು ಯಾರು, ಮಾಡಿದವರಿಗೂ ಇವರಿಗೂ ಏನು ಸಂಬಂಧ, ಇದು ಅವರಿಗೆ ಎಷ್ಟು ಮುಖ್ಯ, ನಮ್ಮ ಕೈಗೆ ಹೇಗೆ ಬಂತು, ಕೊಟ್ಟರೆ ಏನಾಗುತ್ತದೆ ಅಂತ ಕೇಳಿದರು. ಊರಿನ ಜನರೂ ಬಂದು ಮಾತಾಡಿದರು. 1999ರಲ್ಲಿ ಕೊಟ್ಟರು. ಲಕೋಟಾ ಹಿರಿಯ ಮಹಿಳೆಯೊಬ್ಬರು ಅದರ ಹಾಗೇ ಇನ್ನೊಂದು ಅಂಗಿ ಹೊಲಿದು ಗ್ಲಾಸ್ಗೋಗೆ ಕೊಟ್ಟಿದ್ದರು. ಈಗ ಆ ಗಾಜಿನ ಪೆಟ್ಟಿಗೆಯಲ್ಲಿ ಆ ಹೊಸ ಅಂಗಿ ಇದೆ, ಪೂರ್ತಿ ಕತೆಯೂ ಇದೆ. ಹಳೇ ಅಂಗಿಗಿಂತ ಇದೇ ಜಾಸ್ತಿ ಹೇಳುತ್ತದೆ ಅಂತ ನನಗನ್ನಿಸುತ್ತದೆ.

ಕೊಡುವುದು ಯಾರಿಗೆ? ಇದು ನಿಜವಾಗಿ ಕಷ್ಟದ ಪ್ರಶ್ನೆ. ಬೆನಿನ್ ವಸ್ತುಗಳ ಒಡೆಯ ಓಬಾ ಅಂತ 2023ರಲ್ಲಿ ನೈಜೀರಿಯಾದ ಅಧ್ಯಕ್ಷರು ಆದೇಶ ಹೊರಡಿಸಿದರು. ಯುರೋಪಿನಲ್ಲಿ ಗದ್ದಲವೆದ್ದಿತು. ನಾವು ಕೊಟ್ಟದ್ದು ದೇಶಕ್ಕೆ, ಅವರು ದೊರೆಗೆ ಕೊಟ್ಟರು, ಜನ ನೋಡುತ್ತಾರೋ ಇಲ್ಲವೋ ಅಂತ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ನಿಗದಿಯಾಗಿದ್ದ ಹಸ್ತಾಂತರವನ್ನೇ ಮುಂದೂಡಿದರು. ನನಗೆ ಓಬಾನ ಮೇಲೆ ವಿಶೇಷ ಪ್ರೀತಿಯೇನಿಲ್ಲ. ಆದರೆ ಕಿತ್ತದ್ದು ಅವನ ಮುತ್ತಜ್ಜನ ಅಪ್ಪನ ಅರಮನೆಯಿಂದ. ಸಾಲ ತೀರಿಸುವವನು ಆ ದುಡ್ಡನ್ನು ಏನು ಮಾಡುತ್ತೀಯ ಅಂತ ಕೇಳುತ್ತಾನಾ?

ನಮ್ಮ ಕಡೆಯ ಪತ್ತೂರು ನಟರಾಜನ ಕತೆಯೂ ಇಂಥದ್ದೇ. 1976ರಲ್ಲಿ ತಂಜಾವೂರು ಜಿಲ್ಲೆಯ ಪತ್ತೂರಿನಲ್ಲಿ ಒಬ್ಬ ಕೂಲಿಗಾರ ಗುಡಿಸಲ ಹತ್ತಿರ ಅಗೆಯುವಾಗ ಸಿಕ್ಕ ಮೂರ್ತಿ. ಕೈಯಿಂದ ಕೈಗೆ ದಾಟಿ ಕೆನಡಾದ ಕಂಪನಿಯೊಂದರ ಪಾಲಾಯಿತು. ದುರಸ್ತಿಗೆ ಬ್ರಿಟಿಷ್ ಮ್ಯೂಸಿಯಂಗೆ ಕಳಿಸಿದಾಗ ಲಂಡನ್ ಪೊಲೀಸರು ಹಿಡಿದರು. ಕೋರ್ಟಿನಲ್ಲಿ ಮೂರ್ತಿಗೆ ಅಂಟಿದ್ದ ಮಣ್ಣು, ಅದರ ಮೇಲೆ ಗೆದ್ದಲು ಹರಿದ ಗುರುತು ಎಲ್ಲ ಸಾಕ್ಷಿಗೆ ಬಂತು. ಪಾಳುಬಿದ್ದ ದೇವಸ್ಥಾನವೇ ವಾದಿಯಾಗಬಹುದು ಅಂತ 1991ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಒಪ್ಪಿತು. ನಟರಾಜ ಗೆದ್ದು ಬಂದ. ಬಂದವನು ಗುಡಿಗೆ ಹೋದನಾ? ಇಲ್ಲ. ಮತ್ತೆ ಕದಿಯುತ್ತಾರೆ ಅಂತ ತಿರುವಾರೂರಿನ ಮೂರ್ತಿಗಳ ಭದ್ರ ಕೋಣೆಯಲ್ಲಿ, ಸಾಲು ಸಾಲು ಮೂರ್ತಿಗಳ ನಡುವೆ ಇಟ್ಟರು. ಪೂಜೆಗೋಸ್ಕರ ಕೋರ್ಟಿಗೆ ಹೋಗಿ ಗೆದ್ದ ದೇವರಿಗೆ ಸಿಕ್ಕಿದ್ದು ಇನ್ನೊಂದು ಉಗ್ರಾಣ. ಇದಕ್ಕೆ ನನಗೆ ಬೇಸರವಿದೆ. ಆದರೆ ಈ ಬೇಸರ ನಾವು ನಮ್ಮವರ ಹತ್ತಿರ ತೋಡಿಕೊಳ್ಳಬೇಕಾದದ್ದು, ಲಂಡನ್ನಿನವರಿಗೆ ನೆಪ ಮಾಡಿಕೊಡಬೇಕಾದದ್ದಲ್ಲ.

ಬ್ರೆಜಿಲ್‌ನ ಮೂಲನಿವಾಸಿ ತುಪಿನಾಂಬಾ ಜನರ ಮೇಲಂಗಿಯ ಕತೆ ಇದಕ್ಕಿಂತ ಸೂಕ್ಷ್ಮ. ಕೆಂಪು ಹಕ್ಕಿಯ ಗರಿಗಳಿಂದ ಕಟ್ಟಿದ್ದು. 1689ರಿಂದಲಾದರೂ ಕೋಪನ್‌ಹೇಗನ್‌ನಲ್ಲಿತ್ತು. 2024ರಲ್ಲಿ ಡೆನ್ಮಾರ್ಕ್ ವಾಪಸ್ ಕೊಟ್ಟಿತು. ಯಾರಿಗೆ? ಸುಟ್ಟುಹೋಗಿದ್ದ ರಿಯೋದ ಅದೇ ಮ್ಯೂಸಿಯಂಗೆ. ಅದು ಸದ್ದಿಲ್ಲದೆ ಬಂದಿಳಿಯಿತು. ತಮ್ಮ ಹಿರಿಯರೇ ಮನೆಗೆ ಬರುತ್ತಿದ್ದಾರೆ, ಎದುರುಗೊಳ್ಳಲು ನಮಗೆ ಅವಕಾಶ ಕೊಡಲಿಲ್ಲ ಅಂತ ತುಪಿನಾಂಬಾ ಜನ ನೊಂದುಕೊಂಡರು. ಅವರ ಪಾಲಿಗೆ ಅದು ವಸ್ತುವಲ್ಲ, ಪೂರ್ವಜ. ದೇಶಕ್ಕೆ ಬಂದರೂ ಜನರಿಗೆ ಬರಲಿಲ್ಲ. ಗ್ಲಿಸೇರಿಯಾ ತುಪಿನಾಂಬಾ ಎಂಬ ಕಲಾವಿದೆ ಮಾತ್ರ ಅದು ಬರುವ ತನಕ ಕಾಯುತ್ತಾ ಕೂತಿರಲಿಲ್ಲ. ಯುರೋಪಿನ ಮೇಲಂಗಿಗಳನ್ನು ನೋಡಿ, ಗಂಟು ಹಾಕಿದ ರೀತಿ ಅರ್ಥ ಮಾಡಿಕೊಂಡು, ಊರಿನವರ ಜೊತೆ ಸೇರಿ ಹೊಸದೊಂದನ್ನು ಕಟ್ಟಿದ್ದಳು.

ಇಷ್ಟು ಹೊತ್ತು ಲಂಡನ್, ಬರ್ಲಿನ್ ಅಂತ ಬೈದೆವು. ಬೈಯುವುದು ಸುಲಭ. ಬೆಜೆಕ್ಲಿಕ್ ಗುಹೆಗಳು ನೆನಪಿವೆಯಲ್ಲ? ಬರ್ಲಿನ್ನಿನಲ್ಲಿ ಪುಡಿಯಾದ ಚಿತ್ರಗಳ ಗುಹೆ. ಅಲ್ಲಿಗೆ ಲೆ ಕೊಕ್ ಒಬ್ಬನೇ ಹೋಗಿರಲಿಲ್ಲ. ಬ್ರಿಟಿಷ್ ಇಂಡಿಯಾ ಸರ್ಕಾರದ ದುಡ್ಡಿನಲ್ಲಿ ಪುರಾತತ್ವಜ್ಞ ಆರೆಲ್ ಸ್ಟೈನ್ ಕೂಡ ಹೋಗಿದ್ದ. ಅವನೂ ಗೋಡೆಗಳಿಂದ ಚಿತ್ರ ಬಿಡಿಸಿ ತಂದ. ಚೀನಾದ ದುನ್‌ಹುವಾಂಗ್‌ನಿಂದ ರೇಷ್ಮೆಯ ಚಿತ್ರಗಳನ್ನು, ಕಡತಗಳನ್ನು ತಂದ. ಅವನ ಸಂಗ್ರಹದ ಒಂದು ದೊಡ್ಡ ಪಾಲು ಈಗ ದೆಹಲಿಯ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ನಮ್ಮ ಮ್ಯೂಸಿಯಂನಲ್ಲಿ. ಬೆಜೆಕ್ಲಿಕ್‌ನ ಚಿತ್ರಗಳೂ ಇವೆ. ಬಾಂಬು ಬೀಳದ್ದರಿಂದ ಉಳಿದಿವೆ.

ನಾಳೆ ಯಾರೋ ಬಂದು ಕೇಳಿದರೆ ನಾವು ಏನು ಹೇಳುತ್ತೇವೆ? 'ಚೆನ್ನಾಗಿ ನೋಡಿಕೊಂಡಿದ್ದೇವಲ್ಲ' ಅನ್ನುತ್ತೇವಾ? 'ಆಗಿನ ಪದ್ಧತಿ ಹಾಗಿತ್ತು' ಅನ್ನುತ್ತೇವಾ? ಇನ್ನು ಕೊಡುವುದೇ ಆದರೆ ಯಾರಿಗೆ? ಬೀಜಿಂಗ್ ಸರ್ಕಾರಕ್ಕಾ? ಈಗ ಆ ನೆಲದಲ್ಲಿರುವ ಉಯ್ಗುರ್ ಜನಕ್ಕಾ? ಆ ಚಿತ್ರಗಳನ್ನು ಬರೆಸಿದವರಲ್ಲಿ ಬೌದ್ಧರಾಗಿದ್ದ ಹಳೆಯ ಉಯ್ಗುರರೂ ಇದ್ದರು. ಆ ಗುಹೆಗೇ ತಿರುಗಿ ಅಂಟಿಸುವುದಾ? ನಾನು ಇದರ ಬಗ್ಗೆ ಬೇಕಾದಷ್ಟು ಯೋಚನೆ ಮಾಡಿದ್ದೇನೆ, ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ. ಅದಕ್ಕೇ ನಿಮ್ಮ ಪ್ರಶ್ನೆ ತಗೊಳ್ಳುವ ಮೊದಲು ನನ್ನ ಈ ಪ್ರಶ್ನೆ ನಿಮ್ಮ ಮುಂದೆ ಇಡುತ್ತೇನೆ. ಯಾರು ಶುರು ಮಾಡುತ್ತೀರಿ?